ನಾಲಗೆಗೆ ಹಚ್ಚಿದ ಗೊಜ್ಜು

ರಾಜಮತಿಯನ್ನು ಮುಧೋಳದಿಂದ ತೇರದಾಳಕ್ಕೆ ಮದುವೆ ಮಾಡಿ ಕೊಟ್ಟಾಗ ಅವಳಿಗೆ ಹದಿಮೂರು ವರ್ಷ. ಸಾವಿರದ ಒಂಬೈನೂರಾ ಹನ್ನೊಂದರ ಮಾತು. ಗಂಡ ಭೂಪಾಲ ಮೆತ್ತಗಿನ ಮನುಷ್ಯ. ಹೊಲ, ಎತ್ತು, ಬಸದಿ, ಇಷ್ಟರಲ್ಲೇ ಅವನ ದಿನ ಮುಗಿಯುತ್ತಿತ್ತು. ಮಾವ ತಾತ್ಯಾಸಾಹೇಬರು ಊರ ಜೈನರಲ್ಲಿ ಮಾತಿಗೆ ತೂಕವಿದ್ದವರು. ಆದರೆ ಮನೆ ಆಳುತ್ತಿದ್ದವಳು ಅತ್ತೆ ಮಹಾದೇವಿ. ಸೂರ್ಯ ಮುಳುಗಿದ ಮೇಲೆ ಆ ಮನೆಯಲ್ಲಿ ಒಂದು ತುತ್ತೂ ಬಾಯಿಗೆ ಹೋಗುತ್ತಿರಲಿಲ್ಲ. ಸೋಸದ ನೀರು ಒಲೆ ಕಾಣುತ್ತಿರಲಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿಯ ಹೆಸರೂ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಇನ್ನೊಂದಿತ್ತು. ಒಲೆಯ ಮೇಲಿನ ಅಡುಗೆಯನ್ನು ಯಾರೂ ರುಚಿ ನೋಡುವಂತಿಲ್ಲ. ಅತಿಥಿಗೆ ಬಡಿಸುವ ಮುಂಚೆ ನಾಲಗೆಗೆ ತಾಗಿದರೆ ಅದು ಎಂಜಲು.

ಸಾರು, ಪಲ್ಯಗಳಿಗೆ ಇದರಿಂದ ತೊಂದರೆಯಿಲ್ಲ. ಉಪ್ಪಿನ ಅಳತೆ ಕೈಗೆ ಬಂದುಬಿಡುತ್ತದೆ. ತೊಂದರೆ ಇರುವುದು ಹುಳಿ ಮತ್ತು ಬೆಲ್ಲ ಜೊತೆಯಾಗಿ ಕುದಿಯುವ ಅಡುಗೆಯಲ್ಲಿ. ಒಂದು ಗಿಡದ ಮಾವಿನಕಾಯಿ ಇದ್ದಂತೆ ಇನ್ನೊಂದು ಗಿಡದ್ದು ಇರುವುದಿಲ್ಲ. ಒಂದೇ ಗಿಡದ ಕಾಯಿಯೂ ಈ ವಾರ ಹಲ್ಲು ಚುಳ್ಳೆನ್ನುವಷ್ಟು ಹುಳಿ, ಬರುವ ವಾರ ಅರ್ಧ ಸಿಹಿ. ಬೆಲ್ಲದ ಕಥೆಯೂ ಅಷ್ಟೇ. ಒಂದು ಪೆಂಟಿ ಬರೀ ಸಿಹಿ, ಮತ್ತೊಂದರಲ್ಲಿ ಉಪ್ಪಿನ ಛಾಯೆ. ಕಣ್ಣಿನಿಂದ ನೋಡಿ ಅಳೆಯುವ ಹೆಣ್ಣು ಸೋಲುವುದು ಇಲ್ಲಿಯೇ.

ರಾಜಮತಿ ಸೋತದ್ದೂ ಇಲ್ಲಿಯೇ. ಬಂದ ವರ್ಷದ ಬೇಸಿಗೆಯಲ್ಲಿ ಜಮಖಂಡಿಯಿಂದ ಬೀಗರು ಬಂದಿದ್ದರು. ಮಹಾದೇವಿ ಹೊಸ ಸೊಸೆಗೆ, "ಮಾವಿನಕಾಯಿ ಗೊಜ್ಜು ನೀ ಮಾಡು, ನಿಮ್ಮ ಮುಧೋಳದ ಕೈ ಹೆಂಗೈತಿ ನೋಡೂಣು" ಎಂದಳು. ಹುಡುಗಿ ತವರಿನಲ್ಲಿ ಅವ್ವ ಮಾಡುತ್ತಿದ್ದುದನ್ನು ನೆನೆದು ಕಾಯಿ ಬೇಯಿಸಿ ತಿರುಳು ಹಿಂಡಿದಳು. ಬೆಲ್ಲ ಹಾಕಿದಳು. ಹುರಿದ ಎಳ್ಳು, ಮೆಂತೆಯ ಪುಡಿ ಉದುರಿಸಿ ಸಾಸಿವೆಯ ಒಗ್ಗರಣೆ ಕೊಟ್ಟಳು. ಬಣ್ಣ ಜೇನಿನಂತೆ ಇತ್ತು. ಮೊದಲ ತುತ್ತಿಗೇ ಬೀಗರ ಹಿರಿಯನ ಒಂದು ಕಣ್ಣು ಮುಚ್ಚಿಕೊಂಡಿತು. ಪಕ್ಕದವನು ನೀರಿನ ತಂಬಿಗೆಗೆ ಕೈ ಚಾಚಿದ. ಮಹಾದೇವಿ ಪಾತ್ರೆಯನ್ನು ಎತ್ತಿಕೊಂಡು ಹೋಗಿ, ಎಲ್ಲರಿಗೂ ಕಾಣುವಂತೆ ಅಂಗಳದ ಎಮ್ಮೆಯ ಬಾನಿಗೆ ಸುರಿದಳು. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು. ಪಂಕ್ತಿಯಲ್ಲಿ ಕುಳಿತವರೆಲ್ಲ ಹೋ ಎಂದು ನಕ್ಕರು. ಭೂಪಾಲನೂ ನಕ್ಕ.

ಬಾಗಿಲ ಹಿಂದೆ ನಿಂತಿದ್ದ ರಾಜಮತಿಗೆ ನೆಲ ಬಿರಿಯಬಾರದೇ ಅನ್ನಿಸಿತು.

ಮುಂದಿನ ಸಲ ಅವಳು ಏನು ಮಾಡಿದಳೆಂಬುದು ಅವಳಿಗೆ ಬಿಟ್ಟು ಯಾರಿಗೂ ತಿಳಿಯಲಿಲ್ಲ. ಸೌಟಿನ ಅಂಚಿಗೆ ಕಿರುಬೆರಳು ತಾಗಿಸಿ, ಸೆರಗಿನಿಂದ ತುಟಿ ಒರೆಸಿಕೊಳ್ಳುವ ನೆಪದಲ್ಲಿ ಬೆರಳನ್ನು ನಾಲಗೆಗೆ ಹಚ್ಚಿದಳು. ಹುಳಿ ಮುಂದಾಗಿತ್ತು. ಅಡಿಕೆಯಷ್ಟು ಬೆಲ್ಲ ಹಾಕಿದಳು. ಮತ್ತೆ ಬೆರಳು, ಮತ್ತೆ ಸೆರಗು. ಈಗ ಹುಳಿಯೂ ಸಿಹಿಯೂ ಒಂದರ ಹೆಗಲ ಮೇಲೆ ಒಂದು ಕೈ ಹಾಕಿಕೊಂಡು ನಿಂತಂತಿತ್ತು. ಆ ದಿನ ಮಾವ ತಾತ್ಯಾಸಾಹೇಬರು ಮೂರು ಸಲ ಕೇಳಿ ಹಾಕಿಸಿಕೊಂಡರು.

ಅಲ್ಲಿಂದ ಅವಳ ಹೆಸರು ಬೆಳೆಯಿತು. ಹಾಗಲಕಾಯಿಯ ಕಹಿಯನ್ನು ಹುಣಸೆ ಬೆಲ್ಲದಲ್ಲಿ ಮುಳುಗಿಸುವುದಿರಲಿ, ಹೋಳಿಗೆಯ ಬೇಳೆ ಬಸಿದ ನೀರಿನ ಕಟ್ಟಿನ ಸಾರಿರಲಿ, ರಾಜಮತಿ ಮಾಡಿದರೆ ಸೈ. ಮದುವೆಮನೆಗಳಿಂದ ಕರೆ ಬರತೊಡಗಿತು. "ಆಕಿ ಕಣ್ಣಾಗ ನಾಲಗಿ ಐತ್ರೀ" ಎಂದು ಮಹಾದೇವಿ ಬಂದವರೆದುರು ಹೊಗಳುತ್ತಿದ್ದಳು. ಅತ್ತೆಯ ಬಾಯಿಂದ ಹೊಗಳಿಕೆ ಕೇಳುವುದು ರಾಜಮತಿಗೆ ಹಿತವಾಗಿತ್ತು. ಕಿರುಬೆರಳಿನ ನೆನಪು ಆಗೊಮ್ಮೆ ಈಗೊಮ್ಮೆ ಚುಚ್ಚಿದರೂ, ಯಾರಿಗೇನು ಕೇಡಾಯಿತು ಎಂದು ಮನಸ್ಸನ್ನು ಸುಮ್ಮನಾಗಿಸುತ್ತಿದ್ದಳು.

ಒಂಬತ್ತು ವರ್ಷ ಕಳೆದ ಮೇಲೆ ಮೈದುನ ಶಾಂತಿನಾಥನ ಮದುವೆಯಾಗಿ ರಬಕವಿಯಿಂದ ಹೀರಾ ಬಂದಳು. ನೂಲಿನ ವ್ಯಾಪಾರಿಯ ಮಗಳು. ಅಗಲ ಅಂಗೈ, ನಿಧಾನದ ನಡಿಗೆ. ಹೇಳಿದ್ದನ್ನು ಹೇಳಿದಂತೆ ಮಾಡುವ ಹೆಣ್ಣು. ಅವಳಿಗೆ ಅಡುಗೆ ಒಲಿದಿರಲಿಲ್ಲ. ಅವಳ ಗೊಜ್ಜು ಒಂದು ದಿನ ಪಾನಕ, ಒಂದು ದಿನ ಉಪ್ಪಿನಕಾಯಿ. ಬೈಸಿಕೊಂಡರೂ ಅವಳು ಕಟ್ಟಳೆ ಮುರಿದು ರುಚಿ ನೋಡಿದವಳಲ್ಲ. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕುಳಿತಾಗ ರಾಜಮತಿಯನ್ನು ಕೇಳಿಯೇ ಬಿಟ್ಟಳು.

"ಅಕ್ಕಾ, ರುಚಿ ನೋಡಲಾರದ ನಿನಗ ಹೆಂಗ ತಿಳೀತೈತಿ? ನನಗೂ ಒಂದೀಟು ಹೇಳಿಕೊಡ."

ರಾಜಮತಿಗೆ ಆ ಕ್ಷಣ ಏನು ತೋಚಿತೋ ಅದನ್ನೇ ಹೇಳಿದಳು. "ಕುದಿಯೂ ಸಪ್ಪಳ ಕೇಳಬೇಕವ್ವಾ. ಹುಳಿ ಹೆಚ್ಚಾಗಿದ್ರ ಪಟಪಟ ಅಂತೈತಿ, ಬೆಲ್ಲ ಕೂಡಿದ ಮ್ಯಾಲ ದಪ್ಪಾಗಿ ಗುಳುಗುಳು ಅಂತೈತಿ. ಮತ್ತ ಉಗಿ ಮೂಗಿಗಿ ಹಿಡಿ. ಹುಳಿ ಉಗಿ ಮೂಗಿನ ತುದಿಗಿ ಬಡಿತೈತಿ, ಸಿಹಿ ಉಗಿ ಗಂಟಲದಾಗ ಇಳಿತೈತಿ."

ಎಲ್ಲ ಬಾಯಿಗೆ ಬಂದ ಸುಳ್ಳು. ಹೀರಾ ಮಾತ್ರ ಕಣ್ಣರಳಿಸಿ ಕೇಳಿದಳು. ಮರುದಿನದಿಂದಲೇ ಒಲೆಯ ಪಕ್ಕ ಮೊಣಕಾಲೂರಿ, ಕುದಿಯುವ ಪಾತ್ರೆಗೆ ಕಿವಿಗೊಟ್ಟು ಕೂರತೊಡಗಿದಳು. ಉಗಿಗೆ ಅವಳ ಕೆನ್ನೆ ಕೆಂಪಗಾಗುತ್ತಿತ್ತು. ಮನೆಯವರೆಲ್ಲ ನಗುತ್ತಿದ್ದರು. ರಾಜಮತಿಯೂ ಅವರ ಜೊತೆ ನಗುತ್ತಿದ್ದಳು.

ಹೀಗಿರುವಾಗ ಸಾವಿರದ ಒಂಬೈನೂರಾ ಇಪ್ಪತ್ತಾರರ ಬೇಸಿಗೆಯಲ್ಲಿ ಒಬ್ಬ ದಿಗಂಬರ ಮುನಿಗಳು ಊರಿಗೆ ಬಂದರು. ಮುನಿಗಳು ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ತಮ್ಮ ಬೊಗಸೆಯಲ್ಲಿಯೇ ಆಹಾರ ನೀರು ತೆಗೆದುಕೊಳ್ಳುವವರು. ಬೆಳಿಗ್ಗೆ ಅವರು ಬೀದಿಯಲ್ಲಿ ನಡೆದು ಬರುವಾಗ ಮನೆಮನೆಯವರು ಮಡಿಯುಟ್ಟು ಕಲಶ ಹಿಡಿದು ಬಾಗಿಲಲ್ಲಿ ನಿಂತು ಕರೆಯಬೇಕು. ಅವರು ಮನಸ್ಸಿನಲ್ಲೇ ಏನೋ ನೇಮ ಮಾಡಿಕೊಂಡಿರುತ್ತಾರೆ. ಅದು ಯಾವ ಬಾಗಿಲಲ್ಲಿ ಕೂಡಿ ಬಂದರೆ ಅಲ್ಲಿ ನಿಲ್ಲುತ್ತಾರೆ, ಎಲ್ಲಿಯೂ ಕೂಡದಿದ್ದರೆ ಆ ದಿನ ಉಪವಾಸ. ಯಾರ ಮನೆಯಲ್ಲಿ ನಿಂತರೋ ಆ ಮನೆಯವರು ಆಹಾರ ಕೊಡುವ ಮುಂಚೆ ಕೈ ಮುಗಿದು, "ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧಿ" ಎಂದು ನುಡಿಯಬೇಕು. ಮನಸ್ಸು, ಮಾತು, ಮೈ, ಕೊಡುವ ಅನ್ನ ನೀರು ಎಲ್ಲ ಶುದ್ಧ ಎಂದು ಕೊಡುವ ಮಾತು ಅದು.

ಓಣಿಯ ಹೆಂಗಸರಿಗೆ ಮೂರು ದಿನ ಕಣ್ಣಿಗೆ ನಿದ್ದೆಯಿಲ್ಲ. ಮಹಾದೇವಿ ಕಟ್ಟಿಗೆಯನ್ನೂ ಹುಳ ಇದೆಯೇ ಎಂದು ನೋಡಿ ಒಲೆಗಿಡುತ್ತಿದ್ದಳು. ನಾಲ್ಕನೆಯ ಬೆಳಿಗ್ಗೆ ಅನ್ನ, ಬೇಳೆ, ಹಾಲು ಸಿದ್ಧವಾಗಿದ್ದವು. ರಾಜಮತಿಯ ಮಾವಿನಕಾಯಿ ಗೊಜ್ಜು ಒಲೆಯ ಮೇಲಿತ್ತು. ಹೀರಾ ಮೂಲೆಯಲ್ಲಿ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಳು.

ರಾಜಮತಿ ಸೌಟಿನಿಂದ ತಿರುವಿದಳು. ಅವಳ ಕಿರುಬೆರಳು ಸೌಟಿನ ಅಂಚಿಗೆ ಹೋಯಿತು, ಸೆರಗು ಬಾಯಿಗೆ ಬಂತು. ಹದಿನಾಲ್ಕು ವರ್ಷದ ಚಾಳಿ, ಕೈ ತಾನೇ ಮಾಡಿ ಮುಗಿಸಿತ್ತು. ಆದ ಮೇಲೆ ಅವಳಿಗೆ ಹೆದರಿಕೆಯಾಯಿತು. ಇದು ಬೀಗರ ಊಟವಲ್ಲ. ಗೊಜ್ಜನ್ನು ತೆಗೆದಿಡಬಹುದಿತ್ತು. ಕಾರಣ ಕೇಳಿದರೆ ಏನು ಹೇಳುವುದು? ಹೊರಗೆ ಆಗಲೇ "ಬಂದ್ರು, ಬಂದ್ರು" ಎಂಬ ಸದ್ದು. ಓಣಿಯ ತುದಿಯಲ್ಲಿ ಜನ ಸರಿದು ದಾರಿ ಬಿಡುತ್ತಿದ್ದರು. ಇಂದು ನಮ್ಮ ಬಾಗಿಲಲ್ಲಿ ನಿಂತರೆ ಸ್ವಾಮಿಗಳ ಬೊಗಸೆಯಲ್ಲಿ ನನ್ನ ಗೊಜ್ಜು ಬೀಳುತ್ತದೆ ಎಂಬ ಆಸೆ, ಆ ಹೆದರಿಕೆಯನ್ನು ತಳ್ಳಿಬಿಟ್ಟಿತು. ಯಾರು ನೋಡಿದ್ದಾರೆ ಎಂದುಕೊಂಡು ಪಾತ್ರೆಯನ್ನು ಇಳಿಸಿ ಮಣೆಯ ಮೇಲಿಟ್ಟಳು.

ಅಷ್ಟರಲ್ಲಿ ಹೀರಾ ಎದ್ದು ಬಂದಳು. ಪಾತ್ರೆಯನ್ನು ಇತ್ತ ಸರಿಸುವವಳಂತೆ ಎರಡೂ ಕೈಯಿಂದ ಹಿಡಿದಳು. ಮರುಗಳಿಗೆಯೇ ಪಾತ್ರೆ ಮಣೆಯಿಂದ ಉರುಳಿತು. ಹಿತ್ತಾಳೆ ನೆಲಕ್ಕೆ ಬಡಿದ ಸದ್ದಿಗೆ ಮಹಾದೇವಿ ಬಾಗಿಲಿನಿಂದ ಓಡಿ ಬಂದಳು. ಗೊಜ್ಜು ನೆಲದ ತುಂಬ.

"ಅಯ್ಯಯ್ಯೋ! ಏನ್ ಮಾಡಿದೆವ್ವಾ! ಸ್ವಾಮ್ಯಾರು ಬಾಗಿಲಿಗಿ ಬರೂ ಹೊತ್ತಿನ್ಯಾಗ!" ಎಂದು ಮಹಾದೇವಿ ಕೂಗಿಕೊಂಡಳು.

ರಾಜಮತಿ ಅವಳಿಗಿಂತ ಜೋರಾಗಿ ಕೂಗಿದಳು. "ನಿನ್ನ ಕೈಯಾಗ ಜೀವ ಐತೋ ಇಲ್ಲೋ? ಬೇಕಂತ ಮಾಡಿದಿ ನೀ, ನನ್ನ ಹೆಸರು ಕೇಳಿ ಹೊಟ್ಟಿ ಉರದ ಮಾಡಿದಿ!" ಎಂದವಳೇ ಕೈಯಲ್ಲಿದ್ದ ಸೌಟಿನಿಂದ ಹೀರಾಳ ತೋಳಿಗೆ ಹೊಡೆದಳು. ಹೀರಾ ನೆಲ ಒರೆಸಲು ಬಗ್ಗಿದಳು.

ಆ ದಿನ ಮುನಿಗಳು ಅವರ ಬಾಗಿಲಲ್ಲಿಯೇ ನಿಂತರು. ಬೇರೆ ಕೋಣೆಯಲ್ಲಿ ಸಾರಿಸಿದ ನೆಲದ ಮೇಲೆ ಎಲ್ಲ ಅಣಿಯಾಯಿತು. ಹಿರಿಯ ಸೊಸೆಯಾಗಿ ರಾಜಮತಿ ಕೈ ಮುಗಿದು "ಮನಶುದ್ಧಿ, ವಚನಶುದ್ಧಿ" ಎಂದು ಸ್ಪಷ್ಟವಾಗಿ ನುಡಿದಳು. ಮುನಿಗಳು ಅನ್ನ, ಬೇಳೆ, ಹಾಲು ತೆಗೆದುಕೊಂಡು ಬೊಗಸೆ ಬಿಟ್ಟು ಹೊರಟರು. ಓಣಿಯೆಲ್ಲ ಜಯಜಯಕಾರ.

ಸಂಜೆಗೆ ಮೊದಲು ಹಿತ್ತಲ ಬಾವಿಯ ಕಟ್ಟೆಯಲ್ಲಿ ಹೀರಾ ಒಬ್ಬಳೇ ಪಾತ್ರೆ ತಿಕ್ಕುತ್ತಿದ್ದಳು. ಅವಳ ಪಾದದ ಮೇಲೆ ಬೊಬ್ಬೆ ಎದ್ದಿತ್ತು. ಬಿಸಿ ಗೊಜ್ಜು ಬಿದ್ದ ಜಾಗ. ರಾಜಮತಿಗೆ ಆಗ ಸಿಟ್ಟು ಇಳಿದು ಸ್ವಲ್ಪ ಕನಿಕರ ಬಂದಿತ್ತು.

"ಹೆಂಗ ಜಾರಿತ ಅದು?" ಎಂದು ಕೇಳಿದಳು.

"ಜಾರಲಿಲ್ಲಕ್ಕಾ. ನಾ ಕೆಡವಿನ್ನಿ." ಹೀರಾ ತಲೆ ಎತ್ತಲಿಲ್ಲ. "ನೀ ಬೆರಳ ಬಾಯಾಗ ಇಟ್ಕೊಂಡಿದ್ದು ನೋಡಿನ್ನಿ. ಎಂಜಲಾ ಸ್ವಾಮ್ಯಾರ ಕೈಯಾಗ ಹೆಂಗ ಹಾಕೂದು? ಅವರು ಬಂದ ಮ್ಯಾಲ ಪಾತ್ರಿ ಬಿದ್ರ ಅವರು ಊಟಾ ಬಿಟ್ಟ ಹೋಗ್ತಾರ. ಅದಕ ಮೊದಲ ಕೆಡವಿನ್ನಿ."

ರಾಜಮತಿಯ ಕಿವಿ ಬಿಸಿಯಾದವು. "ಅತ್ತೀಗಿ ಹೇಳ್ತಿಯೇನು?" ಎಂದಷ್ಟೇ ಬಾಯಿಂದ ಬಂತು.

"ನಾ ಯಾಕ ಹೇಳ್ಲಿ? ಹೇಳಿದ್ರ ನೀ ಈ ಮನ್ಯಾಗ ತಲಿ ಎತ್ತಿ ಹೆಂಗ ಅಡ್ಡಾಡ್ತಿ?" ಎಂದು ಹೀರಾ ಪಾತ್ರೆ ಬೋರಲು ಹಾಕಿ ಎದ್ದು ಹೋದಳು. ತೋಳಿನ ಮೇಲೆ ಸೌಟಿನ ಬಾಸುಂಡೆ ಕಾಣುತ್ತಿತ್ತು.

ರಾಜಮತಿ ಬಾವಿಕಟ್ಟೆಯಲ್ಲಿ ಕುಳಿತೇ ಇದ್ದಳು. ಬೆಳಿಗ್ಗೆ ತಾನು ನುಡಿದ ಮಾತು ಮತ್ತೆ ಮತ್ತೆ ಕೇಳಿಸುತ್ತಿತ್ತು. ಅನ್ನವೇನೋ ಶುದ್ಧವಾಗಿತ್ತು, ಅದನ್ನು ಶುದ್ಧ ಮಾಡಿದವಳು ಹೀರಾ. ಆದರೆ ಗೊಜ್ಜು ಚೆಲ್ಲದಿದ್ದರೂ ತಾನು ಅದೇ ಮಾತನ್ನು, ಅಷ್ಟೇ ಸ್ಪಷ್ಟವಾಗಿ, ಮುನಿಗಳ ಮುಖ ನೋಡಿಯೇ ಹೇಳಿಬಿಡುತ್ತಿದ್ದಳು. ಇದು ಅವಳಿಗೆ ಗೊತ್ತಿತ್ತು.

ಮಹಾದೇವಿ ಕಟ್ಟುನಿಟ್ಟಿನವಳು. ಆ ವಾರವೇ ತೀರ್ಮಾನ ಮಾಡಿದಳು. ಹೀರಾ ಇನ್ನು ಒಳಗಿನ ಒಲೆ ಮುಟ್ಟುವಂತಿಲ್ಲ. ನೀರು ಸೋಸುವುದು, ಬೀಸುವುದು, ಕಾಳು ಆರಿಸುವುದು ಅವಳ ಪಾಲು. ಹೊಲದ ಆಳುಗಳಿಗೆ ಹಿತ್ತಲ ಒಲೆಯಲ್ಲಿ ಅಡುಗೆ ಮಾಡಿ ಹಾಕಲಿ. "ಕೈ ನೆಟ್ಟಗ ಇಲ್ಲದಾಕಿ" ಎಂಬ ಹೆಸರು ಓಣಿಯಲ್ಲಿ ಹರಡಿತು. ಹಬ್ಬಕ್ಕೆ ಕರೆದವರೂ, "ಹೀರಾ ಪಾತ್ರಿ ಮುಟ್ಟೂದು ಬ್ಯಾಡ್ರಿ" ಎಂದು ನಗೆಯಾಡುತ್ತಿದ್ದರು. ಶಾಂತಿನಾಥನಿಗೂ ಹೆಂಡತಿಯ ಮೇಲೆ ಮುನಿಸು. ರಾಜಮತಿ ಎಲ್ಲವನ್ನೂ ನೋಡುತ್ತಿದ್ದಳು. ಒಂದು ಮಾತು ಸಾಕಾಗಿತ್ತು.

ಹೇಳಲು ಅವಳು ಹೊರಟದ್ದೇ ಇಲ್ಲ ಎನ್ನುವಂತಿಲ್ಲ. ಒಮ್ಮೆ ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತ, "ಅತ್ತೀ, ಆ ದಿನ ಗೊಜ್ಜು" ಎಂದು ಶುರು ಮಾಡಿದಳು. "ಅದನ್ಯಾಕ ನೆನಸ್ತಿ? ನಿನ್ನ ಕೈ ರುಚಿ ಸ್ವಾಮ್ಯಾರಿಗಿ ಸಿಗಲಿಲ್ಲಂತ ನನಗ ಇನ್ನೂ ಸಂಕಟ ಆಗತೈತಿ" ಎಂದು ಮಹಾದೇವಿ ನಿಟ್ಟುಸಿರು ಬಿಟ್ಟಳು. ರಾಜಮತಿ ಎಣ್ಣೆಯ ಬಟ್ಟಲು ಮುಚ್ಚಿ ಎದ್ದಳು.

ಮತ್ತೆ ಎಂದೂ ಬೆರಳು ಬಾಯಿಗೆ ಹಚ್ಚುವುದಿಲ್ಲ ಎಂದು ಬಸದಿಯಲ್ಲಿ ನಿಂತು ನೇಮ ಮಾಡಿಕೊಂಡಳು. ಎರಡು ತಿಂಗಳಿಗೆ ಬನಹಟ್ಟಿಯ ಬಳಗದವರ ಮದುವೆ ಬಂತು. ಅವಳ ಕಟ್ಟಿನ ಸಾರು ಹುಳಿಯಾಗಿ, ಉಂಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಹಾದೇವಿಯ ಹುಬ್ಬು ಗಂಟಿಕ್ಕಿತು. ಎಮ್ಮೆಯ ಬಾನಿ ರಾಜಮತಿಯ ಕಣ್ಣಿಗೆ ಕಟ್ಟಿತು. ಮರುದಿನದ ಅಡುಗೆಗೆ ಬೆರಳು ತಾನಾಗಿ ಬಾಯಿಗೆ ಹೋಯಿತು. ಆಮೇಲೆ ತನ್ನನ್ನು ಕಂಡರೆ ತನಗೇ ಹೇಸಿಗೆಯಾಗುವಂತಾಯಿತು. ಹೊಗಳಿದವರ ಎದುರು ತಲೆ ತಗ್ಗಿಸುತ್ತಿದ್ದಳು. ಅವರು ಅದನ್ನು ವಿನಯ ಎಂದು ತಿಳಿದು ಇನ್ನಷ್ಟು ಹೊಗಳುತ್ತಿದ್ದರು.

ಎಲ್ಲಕ್ಕಿಂತ ಕಷ್ಟದ ದಿನ ಭಾದ್ರಪದದ ಕ್ಷಮಾವಳಿಯದು. ದಶಲಕ್ಷಣದ ಹಬ್ಬ ಮುಗಿದ ಮೇಲೆ ಮನೆಯವರೆಲ್ಲ ಒಬ್ಬರಿಗೊಬ್ಬರು ಕೈ ಮುಗಿದು ವರ್ಷದ ತಪ್ಪಿಗೆ ಕ್ಷಮೆ ಕೇಳುವ ದಿನ. "ತಿಳದೋ ತಿಳೀದನೋ ತಪ್ಪಾಗಿದ್ರ ಕ್ಷಮಾ ಮಾಡು" ಎಂದು ರಾಜಮತಿ ಹೀರಾಳ ಮುಂದೆ ನಿಂತು ಹೇಳುತ್ತಿದ್ದಳು. "ನನ್ನ ತಪ್ಪಿದ್ರೂ ಕ್ಷಮಾ ಮಾಡಕ್ಕಾ" ಎಂದು ಹೀರಾ ಬಗ್ಗಿ ಕಾಲು ಮುಟ್ಟುತ್ತಿದ್ದಳು. ಆಗ ಅವಳ ಪಾದದ ಮೇಲಿನ ಬಿಳಿ ಕಲೆ ರಾಜಮತಿಯ ಕಣ್ಣಿಗೆ ಬೀಳುತ್ತಿತ್ತು. ತಿಳಿದೇ ಮಾಡಿದ ತಪ್ಪನ್ನು 'ತಿಳದೋ ತಿಳೀದನೋ' ಎಂಬ ಮಾತಿನಡಿ ಬಚ್ಚಿಟ್ಟು ಮತ್ತೊಂದು ವರ್ಷ ತಳ್ಳುತ್ತಿದ್ದಳು. ಹೀಗೆ ಒಂಬತ್ತು ಸಲ.

ಸಾವಿರದ ಒಂಬೈನೂರಾ ಮೂವತ್ತೈದರಲ್ಲಿ ಮತ್ತೊಬ್ಬ ಮುನಿಗಳು ಬರುವ ಸುದ್ದಿ ಬಂತು. ತಾತ್ಯಾಸಾಹೇಬರು ತೀರಿಕೊಂಡಿದ್ದರು. ಮಹಾದೇವಿಯ ಕಣ್ಣಿಗೆ ಪೊರೆ ಬಂದಿತ್ತು, ದನಿ ಮಾತ್ರ ಹಾಗೆಯೇ ಇತ್ತು. "ಈ ಸರ್ತಿ ನಿನ್ನ ಗೊಜ್ಜು ಸ್ವಾಮ್ಯಾರ ಕೈಯಾಗ ಬೀಳಬೇಕು. ನಾ ಕಣ್ಣ ಮುಚ್ಚೂದರಾಗ ಅದೊಂದು ಆಸೆ" ಎಂದಳು.

ಆ ಬೆಳಿಗ್ಗೆ ರಾಜಮತಿ ಮಾವಿನಕಾಯಿ ಹಿಂಡಿ ಒಲೆಗಿಟ್ಟಳು. ಬೆಲ್ಲ ಹಾಕಿದಳು. ಇನ್ನು ಸಾಕೋ ಬೇಕೋ? ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು, ಪಾತ್ರೆಯನ್ನೇ ನೋಡುತ್ತ ಕುಳಿತಳು. ಇಪ್ಪತ್ನಾಲ್ಕು ವರ್ಷ ಒಲೆಯ ಮುಂದೆ ಕಳೆದ ಹೆಣ್ಣಿಗೆ ಏನೂ ಕಾಣಿಸಲಿಲ್ಲ, ಏನೂ ಕೇಳಿಸಲಿಲ್ಲ. ಕುದಿಯುವ ಒಂದು ಕಂದು ನೀರು ಅಷ್ಟೇ. ತನಗೆ ಯಾವ ವಿದ್ಯೆಯೂ ಬಂದಿಲ್ಲ, ಒಂದು ಕಳ್ಳ ಬೆರಳು ಬಿಟ್ಟು ತನ್ನಲ್ಲಿ ಏನೂ ಇಲ್ಲ ಎಂಬುದು ಆಗ ಅವಳಿಗೆ ಪೂರಾ ತಿಳಿಯಿತು. ಸೋತು, ಹಿತ್ತಲ ಕಡೆಗೆ ಕರೆದಳು.

"ಹೀರಾ, ಒಂದೀಟು ಬಾ ಇಲ್ಲಿ."

ಹೀರಾ ಹೊಸ್ತಿಲಲ್ಲೇ ನಿಂತಳು. "ಅತ್ತಿ ಬೈತಾರ."

"ಬೈಲಿ. ಇದಕ ಬೆಲ್ಲ ಸಾಕಾಗೇತೇನು ನೋಡು. ನನಗ ತಿಳೀವಲ್ದು."

ಹೀರಾ ಕೈಕಾಲು ತೊಳೆದು ಒಳಗೆ ಬಂದು ಒಲೆಯ ಪಕ್ಕ ಮೊಣಕಾಲೂರಿದಳು. ಪಾತ್ರೆಗೆ ಕಿವಿಗೊಟ್ಟಳು. ಕಣ್ಣು ಮುಚ್ಚಿ ಉಗಿಯನ್ನು ಒಳಗೆಳೆದುಕೊಂಡಳು. ಇನ್ನೊಮ್ಮೆ ಎಳೆದುಕೊಂಡಳು. "ಹುಳಿ ಇನ್ನೂ ಮ್ಯಾಲ ಐತಿ. ನಿಂಬಿಕಾಯಿಯಷ್ಟ ಬೆಲ್ಲ ಹಾಕು. ಹಾಕಿ ಸಪ್ಪಳ ದಪ್ಪ ಆಗೂತನಕ ಬಿಡು" ಎಂದಳು. ರಾಜಮತಿ ಹಾಕಿದಳು. ಸ್ವಲ್ಪ ಹೊತ್ತಿಗೆ ಹೀರಾ, "ಆತು. ಇಳಸು" ಎಂದಳು. ದನಿಯಲ್ಲಿ ಅನುಮಾನವಿರಲಿಲ್ಲ.

"ನಿನಗ ಖರೇನ ತಿಳೀತೈತಿ?"

ಹೀರಾಳಿಗೆ ಆಶ್ಚರ್ಯವಾಯಿತು. "ನೀನ ಅಲ್ಲೇನು ಹೇಳಿಕೊಟ್ಟಾಕಿ? ಆಳಿನ ತಾಯವ್ವ, ಗಿರಮಲ್ಲಪ್ಪ ಎಲ್ಲಾರಿಗೂ ದಿನಾ ಮಾಡಿ ಹಾಕಿ ಹಾಕಿ ಕಲ್ತೆ. ಮೂರು ವರ್ಷ ತಿಳೀಲಿಲ್ಲ. ಆಮ್ಯಾಲ ಒಂದಿನ ತಿಳೀತು. ನಿನಗೂ ಹಂಗ ತಿಳೀತೈತಿ, ಬೆರಳ ಹಚ್ಚೂದು ಬರೇ ಚಾಳಿ ಅಂತ ಅನಕೊಂಡಿದ್ದೆ."

ತಾನು ಬಾಯಿಗೆ ಬಂದಂತೆ ಹೇಳಿದ ಸುಳ್ಳನ್ನು ಈ ಹೆಣ್ಣು ಹಿತ್ತಲ ಹೊಗೆಯಲ್ಲಿ ಕುಳಿತು ನಿಜ ಮಾಡಿಕೊಂಡಿದ್ದಳು. ರಾಜಮತಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಒಳಗಿನ ಕೋಣೆಯಲ್ಲಿ ಮಡಿಯುಟ್ಟು ಕುಳಿತಿದ್ದ ಅತ್ತೆಯ ಬಳಿ ಹೋದಳು. ಕಲಶ ಹಿಡಿಯಲು ಬಂದಿದ್ದ ಭೂಪಾಲ, ಶಾಂತಿನಾಥ ಇಬ್ಬರೂ ಅಲ್ಲಿದ್ದರು. ನೆರೆಮನೆಯ ಇಬ್ಬರು ಹೆಂಗಸರೂ ಇದ್ದರು. ಅವರು ಹೊರಗೆ ಹೋಗಲಿ ಎಂದು ಕಾದರೆ ಮತ್ತೆ ಬಾಯಿ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಅತ್ತೀ, ಇವತ್ತ ಸ್ವಾಮ್ಯಾರ ಮುಂದ ಶುದ್ಧಿ ಮಾತು ನಾ ಆಡೂದಿಲ್ಲ. ಹೀರಾ ಆಡ್ಲಿ. ಗೊಜ್ಜೂ ಆಕೀದ. ಆ ವರ್ಷ ಪಾತ್ರಿ ಕೈ ಜಾರಿ ಬೀಳಲಿಲ್ರಿ. ನಾ ರುಚಿ ನೋಡಿ ಎಂಜಲಾ ಮಾಡಿದ್ದೆ. ಆಕಿ ನೋಡಿ, ಸ್ವಾಮ್ಯಾರಿಗಿ ಮುಟ್ಟಬಾರದಂತ ಕೆಡವಿದ್ಲು. ನಾ ಬಂದ ವರ್ಷದಿಂದ ರುಚಿ ನೋಡೇ ಮಾಡಾಕತ್ತೇನಿ. ನಿಮ್ಮ ಬೀಗರಿಗಿ, ಬಳಗಕ್ಕ, ಎಲ್ಲಾರಿಗೂ ಎಂಜಲಾನ ಉಣಿಸೇನಿ."

ನೆರೆಮನೆಯ ಒಬ್ಬಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಶಾಂತಿನಾಥ ಹಿತ್ತಲ ಬಾಗಿಲ ಕಡೆ ನೋಡಿದ, ಅಲ್ಲಿ ಹೀರಾ ನಿಂತಿದ್ದಳು. ಅವನ ಮುಖ ಕಪ್ಪಿಟ್ಟಿತು. ಮಹಾದೇವಿ ಪೊರೆಗಣ್ಣನ್ನು ಸೊಸೆಯ ದನಿ ಬಂದತ್ತ ತಿರುಗಿಸಿದಳು.

"ಒಂಬತ್ತು ವರ್ಷ," ಎಂದಳು. "ಒಂಬತ್ತು ವರ್ಷ ನಾ ಆಕೀನ ಒಲಿ ಮುಂದಿಂದ ಎಬ್ಬಸೇನಿ. ಊರ ಮುಂದ ಆಡಿಕೊಂಡೇನಿ. ನೀ ಬಾಜೂ ನಿಂತ ಕೇಳಿಕೋತ ಇದ್ದಿ?"

"ಹೌದ್ರಿ."

"ಎಂಜಲಾ ತಿಂದದ್ದು ಹೋತು. ಇದನ್ನ ಹೆಂಗ ತೊಳೀಲಿ ನಾ?" ಎಂದು ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿದಳು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಬಂದಿದ್ದ ರಾಜಮತಿ ಇದನ್ನು ತಾಳಲಾರದೆ ಅಲ್ಲೇ ಕುಸಿದಳು.

ಹೀರಾ ಕಲಶ ಹಿಡಿದು ಶಾಂತಿನಾಥನ ಜೊತೆ ಬಾಗಿಲಲ್ಲಿ ನಿಂತಳು. ಮುನಿಗಳು ಓಣಿಯಲ್ಲಿ ಬಂದರು. ಒಂದು ಗಳಿಗೆ ಆ ಬಾಗಿಲತ್ತ ದೃಷ್ಟಿ ಹಾಯಿಸಿ, ಮುಂದೆ ನಡೆದು ನಾಲ್ಕನೆಯ ಮನೆಯಲ್ಲಿ ನಿಂತರು. ಮರುದಿನವೂ ಬರಲಿಲ್ಲ. ಅವರು ಊರು ಬಿಡುವವರೆಗೂ ಆ ಬಾಗಿಲಲ್ಲಿ ನಿಲ್ಲಲಿಲ್ಲ. ಓಣಿಯವರು ಅದಕ್ಕೆ ತಮಗೆ ತೋಚಿದ ಅರ್ಥ ಹಚ್ಚಿದರು. ರಾಜಮತಿಗಂತೂ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ.

ಆ ದಿನ ಮನೆಯವರೇ ಆ ಗೊಜ್ಜನ್ನು ಉಂಡರು. ಮಹಾದೇವಿ ಅನ್ನಕ್ಕೆ ಕಲಸಿಕೊಂಡು ನಿಧಾನವಾಗಿ ತಿಂದು, "ಹೀರಾ, ಇನ್ನೊಂದೀಟು ಹಾಕವ್ವಾ" ಎಂದಳು. ರಾಜಮತಿ ಎಲ್ಲರ ನಂತರ ಉಂಡಳು. ಹುಳಿ, ಸಿಹಿ ಎರಡೂ ಬಿಡಿಯಾಗಿ ಗುರುತು ಸಿಗದಂತೆ ಕೂಡಿದ್ದವು. ತನ್ನ ಕೈಯಿಂದ ಎಂದೂ ಅಷ್ಟು ಚೆನ್ನಾಗಿ ಆಗಿರಲಿಲ್ಲ ಎಂದು ಅವಳು ತಲೆ ತಗ್ಗಿಸಿಕೊಂಡೇ ಒಪ್ಪಿಕೊಂಡಳು.

ಎಲ್ಲ ಸರಿಹೋಯಿತು ಎಂದು ಹೇಳುವ ಹಾಗಿಲ್ಲ. ಮದುವೆಮನೆಗಳ ಕರೆ ಒಮ್ಮೆಲೇ ನಿಂತಿತು. ಬಸದಿಯಲ್ಲಿ ಕೆಲ ಹೆಂಗಸರು ಅವಳ ಪಕ್ಕದಿಂದ ಸರಿದು ಕೂರುತ್ತಿದ್ದರು. ಭೂಪಾಲ ಒಂದು ತಿಂಗಳು ಅವಳ ಕೈಯಿಂದ ನೀರನ್ನೂ ಇಸಿದುಕೊಳ್ಳಲಿಲ್ಲ. ಅವಳಿಗೆ ಹೆಚ್ಚು ನೋವಾದದ್ದು ಹೀರಾಳ ಸಿಟ್ಟಿನಿಂದ. ಒಂಬತ್ತು ವರ್ಷ ಮುಖ ಗಂಟಿಕ್ಕದವಳು ಈಗ ಮಾತು ಬಿಟ್ಟಿದ್ದಳು. ಕಾರಣ ಕೇಳಿದಾಗ ಒಂದು ದಿನ ಹೇಳಿದಳು.

"ಹೇಳೂದಿದ್ರ ಆವತ್ತ ಹೇಳಬೇಕಿತ್ತಕ್ಕಾ. ಬೈಗಳಾ ರೂಢಿ ಆಗಿದ್ವು. ಈಗ ಬಂದ ಬಂದಾಕಿ ಎಲ್ಲಾ 'ಅಯ್ಯೋ ಪಾಪ' ಅಂತಾಳ. ಅದು ರೂಢಿ ಆಗವಲ್ದು. ನನ್ನಾರ ಒಂದು ಮಾತು ಕೇಳಿ ಹೇಳಿದಿಯೇನು? ನಿನ್ನ ಎದಿ ಹಗರ ಮಾಡಿಕೊಂಡಿ."

ಆ ವರ್ಷದ ಕ್ಷಮಾವಳಿಯ ದಿನ ಅವಳು ಹೀರಾಳ ಮುಂದೆ ನಿಂತು, ಸುಳ್ಳು ಕಲಿಸಿದ್ದು, ಸೌಟಿನಿಂದ ಹೊಡೆದದ್ದು, ಬಾಯಿ ಮುಚ್ಚಿ ಕುಳಿತದ್ದು, ಕೇಳದೆ ಹೇಳಿದ್ದು, ಒಂದೊಂದನ್ನೂ ಹೆಸರಿಟ್ಟು ಹೇಳಿದಳು. ಹೀರಾ ಕೈ ಮುಗಿದಳು, ಆದರೆ "ನನ್ನ ತಪ್ಪಿದ್ರೂ" ಎನ್ನಲಿಲ್ಲ. ಎನ್ನದಿದ್ದುದೇ ಸರಿ ಎಂದು ರಾಜಮತಿಗೆ ಅನ್ನಿಸಿತು.

ಒಳಗಿನ ಒಲೆ ಹೀರಾಳದಾಯಿತು. ಹಿತ್ತಲ ಒಲೆಯನ್ನು ರಾಜಮತಿ ತಾನಾಗಿಯೇ ತೆಗೆದುಕೊಂಡಳು. ಆಳುಗಳಿಗೆ ಪುಂಡಿಪಲ್ಯ, ಹುಣಸೆಯ ಗೊಜ್ಜು, ರೊಟ್ಟಿ ಮಾಡಿ ಹಾಕುವಳು. ಅಲ್ಲಿ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ಎಲ್ಲರೆದುರೇ ರುಚಿ ನೋಡುವಳು. ಮೊದಲೇ ಹೇಳಿಬಿಡುವಳು, "ನಾ ರುಚಿ ನೋಡೇನಿ, ಬ್ಯಾಡಾದವರು ಬಿಡ್ರಿ." ಗಿರಮಲ್ಲಪ್ಪ, "ಅವ್ವಾರ, ಹಸಿದಾವಗ ನೀವು ಇಂಥಾದ್ದೇನ ಕೇಳ್ತೀರಿ" ಎಂದು ತಾಟು ಚಾಚುತ್ತಿದ್ದ. ಮನೆಗೆ ಬರುವ ಹೊಸ ಸೊಸೆಯಂದಿರು ಗೊಜ್ಜಿನ ಗುಟ್ಟು ಕೇಳಿದರೆ ತನ್ನ ಕಥೆಯನ್ನು ಬಿಡದೆ ಹೇಳಿ, "ಕಲಿಯೂದಿದ್ರ ಹೀರಾನ ಕಡೆ ಹೋಗ್ರಿ" ಎನ್ನುವಳು. ಪ್ರತಿ ಸಲ ಹೇಳುವಾಗಲೂ ಅವಳ ಕಿವಿ ಕೆಂಪಾಗುತ್ತಿದ್ದವಂತೆ.

ನಲವತ್ನಾಲ್ಕರ ಬೇಸಿಗೆಯಲ್ಲಿ ಜಮಖಂಡಿಯ ದೊಡ್ಡ ಮನೆಯೊಂದರ ಮದುವೆಗೆ ಗೊಜ್ಜು ಮಾಡಲು ಹೀರಾಳಿಗೆ ಕರೆ ಬಂತು. ಚಕ್ಕಡಿ ಹೂಡಿ ನಿಂತಾಗ ಅವಳು ಹಿತ್ತಲಿಗೆ ಬಂದು, "ಐದು ನೂರು ಎಲಿ ಊಟ ಅಂತ. ಕಾಯಿ ಹೆಚ್ಚಾಕ ಒಬ್ಬರು ಬೇಕು. ಬರ್ತಿಯೇನು?" ಎಂದಳು. ರಾಜಮತಿ ಈಳಿಗೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹಿಂದೆ ಹತ್ತಿ ಕುಳಿತಳು.

ಜಮಖಂಡಿಯ ಆ ಮನೆಯ ಹಿತ್ತಲಲ್ಲಿ ಮಾವಿನಕಾಯಿಯ ರಾಶಿ ಬಿದ್ದಿತ್ತು. ರಾಜಮತಿ ಈಳಿಗೆ ಬಿಚ್ಚಿ ಕುಳಿತಳು. ಸೋಮವ್ವ ಎಂಬ ಆ ಮನೆಯ ಮುದುಕಿ ಬಂದು ಕೂದಲು ನರೆತ ಈ ಹೆಂಗಸನ್ನು ನೋಡಿ, "ಈಕಿ ಯಾರ, ನಿಮ್ಮ ಕೈಯಾಗಿನ ಆಳೇನು?" ಎಂದು ಹೀರಾಳನ್ನು ಕೇಳಿದಳು.

ಹೀರಾ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದವಳು ತಿರುಗಿ, "ನಮ್ಮ ಅಕ್ಕ" ಎಂದು ಹೇಳಿ ಮತ್ತೆ ಒಲೆ ಊದತೊಡಗಿದಳು. ರಾಜಮತಿ ತಲೆ ಎತ್ತದೆ ಕಾಯಿ ಹೆಚ್ಚುತ್ತ ಹೋದಳು. ಮಧ್ಯಾಹ್ನದೊಳಗೆ ಎರಡು ಬುಟ್ಟಿ ಮುಗಿಸಬೇಕಾಗಿತ್ತು.